ಬೆಟ್ಟಕ್ಕೆ ಹೊತ್ತೊಯ್ದ ಉಪನ್ಯಾಸ

ನನ್ನ ಹತ್ತಿರ ಒಂದು ಉಪನ್ಯಾಸವಿದೆ. ನಾನು ನಿವೃತ್ತನಾಗಿ ವರ್ಷಗಳಾದವು, ಅದು ಮಾತ್ರ ಇನ್ನೂ ಸೇವೆಯಲ್ಲಿದೆ. ಹೆಸರು ‘ಕಾದಂಬರಿ ಆಧಾರಿತ ಜಪಾನಿ ಚಲನಚಿತ್ರಗಳಲ್ಲಿ ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ’. ಮಾಮೂಲಿಗೆ ಮುಕ್ಕಾಲು ಗಂಟೆಯದು. ಅಡುಗೆ ಇನ್ನೂ ಆಗಿಲ್ಲ ಎಂದು ಸಂಘಟಕರು ಸನ್ನೆ ಮಾಡಿದರೆ ಎರಡು ಗಂಟೆಗೆ ಹಿಗ್ಗುತ್ತದೆ. ಮುಖ್ಯ ಅತಿಥಿಗಳಿಗೆ ಬಸ್ಸಿದೆ ಎಂದರೆ ಹತ್ತು ನಿಮಿಷಕ್ಕೆ ಕುಗ್ಗುತ್ತದೆ. ‘ಜಪಾನಿ’ ಎಂಬಲ್ಲಿ ‘ಕನ್ನಡ’ ಎಂದು ಹಾಕಿಕೊಂಡರೆ ‘ಸಂಸ್ಕಾರ’, ‘ವಂಶವೃಕ್ಷ’ಗಳಿಗೂ ಒದಗುತ್ತದೆ. ‘ಸಂಘರ್ಷ’ ಎನ್ನುವಾಗ ಎರಡು ಮುಷ್ಟಿಗಳನ್ನೂ ಎದುರುಬದುರು ತಂದು ಗುದ್ದಿಸುತ್ತೇನೆ. ಆ ಒಂದು ಅಭಿನಯಕ್ಕೆ ಎಲ್ಲ ಊರಿನಲ್ಲೂ ಚಪ್ಪಾಳೆ ಬಿದ್ದಿದೆ.

ಇಷ್ಟೆಲ್ಲ ಮಾತಾಡಿಸಿದ ದೇಶವನ್ನು ನಾನು ಕಂಡಿದ್ದು ಫಿಲ್ಮ್ ಸೊಸೈಟಿಯ ಪರದೆಯ ಮೇಲೆ. ಅದೂ ಎಂಬತ್ತರ ದಶಕದಲ್ಲಿ, 16 ಎಂಎಂ ಪ್ರಿಂಟಿನಲ್ಲಿ, ಮುಂದಿನ ಸಾಲಿನವರ ತಲೆ ಅಡ್ಡ ಬಂದು ಅರ್ಧ ಸಬ್‌ಟೈಟಲ್ ಮಾತ್ರ ಓದಲು ಸಿಕ್ಕ ಸ್ಥಿತಿಯಲ್ಲಿ. ಉಳಿದರ್ಧ ನನ್ನ ಒಳನೋಟ. ಹಾಗಾಗಿ ಟೋಕಿಯೋದಲ್ಲಿ ಕೆಲಸಕ್ಕಿರುವ ಮಗ ‘ಅಪ್ಪ, ಅಮ್ಮ, ಈ ಬೇಸಿಗೆಗೆ ಬನ್ನಿ’ ಎಂದು ಟಿಕೆಟ್ ಕಳಿಸಿದಾಗ, ನನ್ನ ಹೆಂಡತಿ ಮೊಮ್ಮಗನಿಗೆ ಚಕ್ಕುಲಿ ಸುತ್ತಲು ಕೂತಳು. ನಾನು ನೋಡಬೇಕಾದ ಊರುಗಳ ಪಟ್ಟಿ ಬರೆಯಲು ಕೂತೆ. ಪಟ್ಟಿಯಲ್ಲಿದ್ದ ಒಂದು ಊರೂ ಮಗ ಹಾಕಿಕೊಂಡಿದ್ದ ಯೋಜನೆಯಲ್ಲಿ ಇರಲಿಲ್ಲ. ಅವನದರಲ್ಲಿ ಡಿಸ್ನಿಲ್ಯಾಂಡ್ ಇತ್ತು.

ವಿಮಾನದಲ್ಲಿ ಓಝು ನಿರ್ದೇಶನದ ‘ಟೋಕಿಯೋ ಸ್ಟೋರಿ’ಯ ಕಥೆಯನ್ನು ಹೆಂಡತಿಗೆ ಹೇಳಿದೆ. 1953ರ ಚಿತ್ರ. ಒನೊಮಿಚಿ ಎಂಬ ಊರಿನಿಂದ ಮುದುಕ ಮುದುಕಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ, ಮಕ್ಕಳಿಗೆ ಪುರಸೊತ್ತಿಲ್ಲ, ಅಪ್ಪ ಅಮ್ಮನನ್ನು ಅತಾಮಿಯ ಬಿಸಿನೀರ ಬುಗ್ಗೆಗೆ ಸಾಗಹಾಕುತ್ತಾರೆ. ‘ಅಯ್ಯೋ, ಇದು ನಮ್ಮದೇ ಅಲ್ವೇನ್ರೀ!’ ಎಂದಳು. ಅದು ಕಾದಂಬರಿ ಆಧಾರಿತವಲ್ಲ, ಆದ್ದರಿಂದ ನನ್ನ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂದು ವಿವರಿಸಿದೆ. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಳು.

ಮೊದಲ ಕ್ಷೇತ್ರಕಾರ್ಯ ಶಿಂಜುಕು ಗ್ಯೋಎನ್ ಉದ್ಯಾನದಲ್ಲಿ ನಡೆಯಿತು. ಕವಾಬಾತಾರ ‘ಬೆಟ್ಟದ ಸದ್ದು’ ಕಾದಂಬರಿಯನ್ನು ಮಿಕಿಯೋ ನರುಸೆ 1954ರಲ್ಲಿ ಚಿತ್ರ ಮಾಡಿದರು. ಅದರ ಕೊನೆಯ ದೃಶ್ಯ ಈ ಉದ್ಯಾನದ್ದು. ಹೆಂಡತಿಯನ್ನು ಕಡೆಗಣಿಸಿ ಹೊರಗೆ ಸಂಬಂಧವಿಟ್ಟುಕೊಂಡ ಮಗ, ಒಳಗೊಳಗೇ ನವೆಯುವ ಸೊಸೆ, ಆ ಮನೆಯಲ್ಲಿ ಅವಳನ್ನು ಅರ್ಥ ಮಾಡಿಕೊಂಡ ಒಂದೇ ಜೀವ ಮಾವ. ಸೊಸೆಯಾಗಿ ಸೆತ್ಸುಕೋ ಹಾರಾ, ಮಾವನಾಗಿ ಸೋ ಯಮಮುರಾ. ಒಟ್ಟು ಕುಟುಂಬ ಎಂಬ ಹಳೆಯ ಚಾವಣಿಯ ಕೆಳಗೆ ಯುದ್ಧಾನಂತರದ ಹೊಸ ಗಂಡಸು ಹೇಗೆ ಬೇಜವಾಬ್ದಾರಿಯಾದ ಎಂಬುದನ್ನು ಒಂದು ಕೂಗಾಟವೂ ಇಲ್ಲದೆ ತೋರಿಸುವ ಚಿತ್ರ. ಇದನ್ನೆಲ್ಲ ಒಂದು ಮರದ ಕೆಳಗೆ ನಿಂತು ನನ್ನ ಸೊಸೆಗೆ ಭಾವಪೂರ್ಣವಾಗಿ ಹೇಳಿ, ‘ನಾನೂ ಅಂಥ ಮಾವನೇ ಕಣಮ್ಮ’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ಇವರ ಆಫೀಸಿನ ವಿಷಯ ಏನಾದ್ರೂ ನಿಮ್ಮ ಕಿವಿಗೆ ಬಿದ್ದಿದೆಯಾ?’ ಎಂದಳು.

ಅವತ್ತು ರಾತ್ರಿ ಮಗ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ವಾತಾವರಣ ತಿಳಿಯಾಗಲಿ ಎಂದು, ಆ ಚಿತ್ರದಲ್ಲಿ ಮಗನ ಪಾತ್ರ ಮಾಡಿದ ಕೆನ್ ಉಎಹಾರಾ ಅಪ್ಪನ ಪಾತ್ರ ಮಾಡಿದ ಯಮಮುರಾಗಿಂತ ವಯಸ್ಸಿನಲ್ಲಿ ಕೆಲವು ತಿಂಗಳು ದೊಡ್ಡವರು ಎಂಬ ಸ್ವಾರಸ್ಯವನ್ನು ಹೇಳಿದೆ. ‘ಈಗ ನಮ್ಮನೇಲೂ ಹಾಗೇ ಆಗಿದೆ’ ಎಂದ.

ನನ್ನ ಪ್ರವಾಸದ ನಿಜವಾದ ಆರಾಧ್ಯದೈವ ಕಾದಂಬರಿಕಾರ ಜುನಿಚಿರೋ ತನಿಝಾಕಿ. ಟೋಕಿಯೋದಲ್ಲಿ ಹುಟ್ಟಿ, ಯೊಕೊಹಾಮಾದಲ್ಲಿ ಪಾಶ್ಚಾತ್ಯ ಠೀವಿಯಲ್ಲಿ ಬದುಕುತ್ತಿದ್ದ ಈ ಮನುಷ್ಯ 1923ರ ಮಹಾಭೂಕಂಪದ ನಂತರ ಒಸಾಕಾ–ಕ್ಯೋಟೋ ಸೀಮೆಗೆ ಬಂದು ಹಳೆಯ ಜಪಾನಿಗೆ ಮನಸೋತವರು. 1933ರಲ್ಲಿ ನೆರಳಿನ ಸೌಂದರ್ಯವನ್ನು ಕುರಿತು ಅವರು ಬರೆದ ಪ್ರಬಂಧ ಜಗತ್ಪ್ರಸಿದ್ಧ. ವಿದ್ಯುದ್ದೀಪ ಬಂದು ಅರಗಿನ ಬಟ್ಟಲಿನ ಹೊಳಪು ಕೆಟ್ಟಿತು, ಮನೆ ಕಟ್ಟಿಸಿದರೆ ವೈರು ಅಡಗಿಸುವುದೇ ದೊಡ್ಡ ತಾಪತ್ರಯವಾಯಿತು ಎಂದೆಲ್ಲ ಹಲುಬುವ ಅವರು ಮೈಮರೆತು ನಿಲ್ಲುವುದು ಪಾಯಿಖಾನೆಯ ಹತ್ತಿರ. ಮನೆಯಿಂದ ದೂರ, ಹಸಿರಿನ ನಡುವೆ, ಅರೆಗತ್ತಲಲ್ಲಿ ಕೂತು ಮಳೆಹನಿ ತೊಟ್ಟಿಕ್ಕುವುದನ್ನೂ ಹುಳಗಳ ದನಿಯನ್ನೂ ಕೇಳುವ ಸುಖವನ್ನು ಅವರಷ್ಟು ಭಕ್ತಿಯಿಂದ ಬಣ್ಣಿಸಿದವರಿಲ್ಲ. ಆ ಭಾಗ ಬಂದಾಗ ನನ್ನ ಉಪನ್ಯಾಸದಲ್ಲಿ ದನಿ ತಾನಾಗಿ ತಗ್ಗುತ್ತದೆ. ನಮ್ಮ ಹಿತ್ತಲ ಬಚ್ಚಲನ್ನು ನೆನೆದು ಹಿಂದಿನ ಸಾಲಿನ ಹಿರಿಯರು ಕಣ್ಣೊರೆಸಿಕೊಂಡದ್ದೂ ಉಂಟು.

ಆ ಭಕ್ತಿಯಲ್ಲೇ ಒಂದು ರೈಲು ನಿಲ್ದಾಣದ ಶೌಚಾಲಯಕ್ಕೆ ಹೋದೆ. ಪಕ್ಕದ ಗೋಡೆಯ ಮೇಲೆ ಗುಂಡಿಗಳ ಒಂದು ಫಲಕ. ಎಲ್ಲ ಜಪಾನಿ ಅಕ್ಷರ. ನನಗೆ ಬರುವ ಜಪಾನಿ ಅಕ್ಷರ ಒಂದೇ: ‘ಶೂನ್ಯ’ ಎಂಬರ್ಥದ್ದು, ಓಝು ಅವರ ಸಮಾಧಿಯ ಮೇಲೆ ಕೆತ್ತಿರುವಂಥದ್ದು. ಶೌಚಾಲಯದಲ್ಲಿ ಅದರ ಉಪಯೋಗ ಬೀಳಲಿಲ್ಲ. ಮೊದಲ ಗುಂಡಿ ಒತ್ತಿದೆ. ಜುಳುಜುಳು ಸದ್ದು ಬಂತು, ನೀರು ಬರಲಿಲ್ಲ. ಒಳಗಿನವರ ಸದ್ದು ಹೊರಗೆ ಕೇಳದಿರಲೆಂದು ಹರಿವ ನೀರಿನ ದನಿಯನ್ನು ಧ್ವನಿವರ್ಧಕದಲ್ಲಿ ನುಡಿಸುವ ಏರ್ಪಾಡು ಅದು ಎಂದು ಆಮೇಲೆ ತಿಳಿಯಿತು. ತನಿಝಾಕಿ ಕಿವಿಗೊಟ್ಟು ಕೇಳಿದ ಮಳೆಯನ್ನು ಅವರ ದೇಶ ಹೀಗೆ ಗುಂಡಿಯೊಳಗೆ ತುಂಬಿಟ್ಟಿದೆ! ಈ ಹೊಳಹು ತಕ್ಷಣ ಬರೆದಿಟ್ಟುಕೊಳ್ಳಬೇಕೆಂದು ಜೇಬಿನ ಪೆನ್ನಿಗೆ ಕೈ ಹಾಕುವಾಗ ಮೊಣಕೈ ಎರಡನೆಯ ಗುಂಡಿಗೆ ತಗುಲಿತು. ಈ ಸಲ ನೀರೇ ಬಂತು, ಕೆಳಗಿನಿಂದ, ಗುರಿಯಿಟ್ಟು. ನಿಲ್ಲಿಸಲು ಮೂರನೆಯದನ್ನು ಒತ್ತಿದೆ, ಜೋರಾಯಿತು. ನಾಲ್ಕನೆಯದಕ್ಕೆ ಬಿಸಿಗಾಳಿ. ಕೊನೆಗೆ ಸ್ವಲ್ಪ ಆಚೆಗೆ, ಒಂಟಿಯಾಗಿ, ಕೆಂಪಗೆ ಒಂದು ಗುಂಡಿ ಕಂಡಿತು. ಕೆಂಪು ಎಂದರೆ ನಿಲ್ಲು ಎಂದು ಯಾವ ದೇಶದವನಿಗಾದರೂ ಗೊತ್ತು.

ಅದು ತುರ್ತು ಸಹಾಯದ ಗುಂಡಿ. ಎಲ್ಲೋ ಗಂಟೆ ಹೊಡೆಯಿತು, ಓಡಿಬಂದ ಬೂಟಿನ ಸದ್ದು, ಬಾಗಿಲ ಮೇಲೆ ಮೃದುವಾದ ಬಡಿತ, ಮೃದುವಾದ ಪ್ರಶ್ನೆಗಳು. ಬಾಗಿಲು ತೆರೆದಾಗ ಸಮವಸ್ತ್ರದ ಇಬ್ಬರು, ಒಬ್ಬನ ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ನನ್ನ ಷರಟು ಬೆನ್ನಿನವರೆಗೂ ಒದ್ದೆ. ಇಬ್ಬರೂ ನಡು ಬಗ್ಗಿಸಿ ವಂದಿಸಿದರು. ನಾನೂ ಬಗ್ಗಿದೆ. ಅವರು ಇನ್ನೂ ಆಳಕ್ಕೆ ಬಗ್ಗಿದರು. ಹೀಗೆ ಎಷ್ಟು ಹೊತ್ತು ನಡೆಯುತ್ತಿತ್ತೋ, ಮಗ ಬಂದು ನನ್ನನ್ನು ಹಿಡಿದೆಳೆದುಕೊಂಡು ಹೋದ. ಅವತ್ತೇ ಒಂದು ಪ್ರತಿಜ್ಞೆ ಮಾಡಿದೆ: ಈ ದೇಶದಲ್ಲಿ ಇನ್ನು ನಾನಾಗಿ ಯಾವ ಗುಂಡಿಯನ್ನೂ ಒತ್ತುವುದಿಲ್ಲ. ಭೀಷ್ಮನ ಪ್ರತಿಜ್ಞೆಯಿಂದ ಹಸ್ತಿನಾವತಿಗೆ ಏನಾಯಿತು ಎಂದು ಪಾಠ ಮಾಡಿದವನಿಗೆ ಆಗಲೇ ಎಚ್ಚರ ಇರಬೇಕಿತ್ತು.

ಕ್ಯೋಟೋದ ಚಿನ್ನದ ಮಂಟಪದ ಎದುರು ಮೊಮ್ಮಗನಿಗೆ ಇತಿಹಾಸ ಹೇಳಿದೆ. 1397ರಲ್ಲಿ ಅಶಿಕಾಗಾ ಯೊಶಿಮಿತ್ಸು ಕಟ್ಟಿಸಿದ್ದು. 1950ರ ಜುಲೈ 2ರಂದು ಅಲ್ಲಿಯ ಮರಿಸನ್ಯಾಸಿಯೊಬ್ಬನೇ ಬೆಂಕಿ ಇಟ್ಟ. 1956ರಲ್ಲಿ ಮಿಶಿಮಾ ಅದನ್ನು ಕಾದಂಬರಿ ಮಾಡಿದರು. 1958ರಲ್ಲಿ ಕೋನ್ ಇಚಿಕಾವಾ ಚಿತ್ರ ಮಾಡಿದರು, ದೇವಾಲಯದವರ ಆಕ್ಷೇಪಣೆಯಿಂದಾಗಿ ಚಿತ್ರದಲ್ಲಿ ಮಂಟಪದ ಹೆಸರನ್ನೇ ಬದಲಿಸಬೇಕಾಯಿತು. ಚಿನ್ನದ ಕಟ್ಟಡವನ್ನು ಅವರು ಕಪ್ಪು ಬಿಳುಪಿನಲ್ಲಿ ಸುಟ್ಟದ್ದು ನನ್ನ ಪ್ರಕಾರ ಜಪಾನಿ ಸಿನೆಮಾದ ದೊಡ್ಡ ಧೈರ್ಯ. ಬೆಂಕಿಯ ಕಿಡಿಗಳೇ ಅಲ್ಲಿ ಚಿನ್ನದ ಕೆಲಸ ಮಾಡುತ್ತವೆ. ಪ್ರಾಚೀನತೆಯ ಎದುರು ನಿಂತಾಗ ಮನುಷ್ಯ ಎಷ್ಟು ಸಣ್ಣವನು ಎಂದು ನಾನು ಕಣ್ಣು ಮುಚ್ಚಿ ಅನುಭವಿಸುತ್ತಿರುವಾಗ ಮೊಮ್ಮಗ ಕೇಳಿದ: ‘ಸುಟ್ಟುಹೋಯ್ತು ಅಂದ್ರಲ್ಲಾ ತಾತ, ಇದು ಯಾವುದು ಮತ್ತೆ?’ 1955ರಲ್ಲಿ ಮತ್ತೆ ಕಟ್ಟಿದ್ದು ಎಂದೆ. ‘ನೀವು ಹುಟ್ಟಿದ್ದು?’ 1954. ‘ಹಾಗಾದ್ರೆ ನಿಮಗಿಂತ ಚಿಕ್ಕದು’ ಎಂದು ಅವನು ಮಂಟಪಕ್ಕೆ ಬೆನ್ನು ತಿರುಗಿಸಿ ನನ್ನದೊಂದು ಫೋಟೊ ತೆಗೆದ.

ಕೋಬೆಯಲ್ಲಿ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ತನಿಝಾಕಿ 1936ರಿಂದ 1943ರವರೆಗೆ ಬಾಡಿಗೆಗಿದ್ದ ಇಶೋಆನ್ ಎಂಬ ಮನೆ ಅಲ್ಲಿದೆ. ಅವರ ದೊಡ್ಡ ಕಾದಂಬರಿ ‘ಸಸಮೆಯುಕಿ’, ಇಂಗ್ಲಿಷ್ ಓದುಗರಿಗೆ ‘ಮಕಿಯೊಕಾ ಸಿಸ್ಟರ್ಸ್’, ಹುಟ್ಟಿದ ಮನೆ. ಎತ್ತರದ ಮೇಲೆ ಓಡುವ ಹೊಸ ರೈಲುಮಾರ್ಗಕ್ಕೆ ದಾರಿ ಬಿಡಲು ಇಡೀ ಮನೆಯನ್ನು ಒಂದಷ್ಟು ದೂರ ಉತ್ತರಕ್ಕೆ ಸರಿಸಿ ಮತ್ತೆ ನಿಲ್ಲಿಸಿದ್ದಾರೆ. ಸಂಪ್ರದಾಯ ಆಧುನಿಕತೆಗೆ ಅಕ್ಷರಶಃ ಜರುಗಿ ಜಾಗ ಕೊಟ್ಟ ಉದಾಹರಣೆ! ಮನೆ ತೆರೆದಿರುವುದು ಶನಿವಾರ, ಭಾನುವಾರ. ನಾವು ಹೋದದ್ದು ಮಂಗಳವಾರ.

ಬೇಲಿಯ ಹೊರಗೆ ನಿಂತೇ ಉಪನ್ಯಾಸ ಶುರು ಮಾಡಿದೆ. ಒಸಾಕಾದ ಹಳೆಯ ವರ್ತಕ ಮನೆತನ, ಹೆಸರು ಉಳಿದಿದೆ, ಹಣ ಇಳಿದಿದೆ. ನಾಲ್ವರು ಅಕ್ಕತಂಗಿಯರು. ಮೂರನೆಯವಳು ಯುಕಿಕೋಗೆ ಬಂದ ಗಂಡುಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗುತ್ತವೆ; ಅವಳ ಮದುವೆಯಾಗದೆ ನಾಲ್ಕನೆಯವಳು ತಾಏಕೋ ಮದುವೆಯಾಗುವಂತಿಲ್ಲ. 1943ರಲ್ಲಿ ಇದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿದಾಗ, ಯುದ್ಧಕಾಲದಲ್ಲಿ ಇಂಥ ಹೆಂಗಸರ ಸಡಗರ ಬೇಡವೆಂದು ಸೇನೆಯವರು ನಿಲ್ಲಿಸಿದರು. 1983ರಲ್ಲಿ ಇಚಿಕಾವಾ ಮಾಡಿದ ಚಿತ್ರದಲ್ಲಿ... ಅಷ್ಟರಲ್ಲಿ ನನ್ನ ಹೆಂಡತಿ ಕೈ ಎತ್ತಿದಳು.

‘ಇದನ್ನ ತಿಳ್ಕೊಳ್ಳೋಕೆ ಜಪಾನಿಗೆ ಬರಬೇಕಿತ್ತಾ? ನಮ್ಮ ದೊಡ್ಡತ್ತೆ ಮನೇಲಿ ಇದೇ ಅಲ್ವಾ ಆಗಿದ್ದು?’

ಆ ಚಿತ್ರವನ್ನು ಅವಳು ಮಗನ ಮನೆಯಲ್ಲಿ ನನ್ನ ಜೊತೆ ಕೂತು ನೋಡಿದ್ದಳು. ನಾನು ಹದಿನೈದು ಪುಟ ಟಿಪ್ಪಣಿ ಮಾಡಿಕೊಂಡು ಹಿಡಿಯದ್ದನ್ನು ಅವಳು ಸೀರೆ ಅಂಗಡಿಯ ಕಣ್ಣಿನಿಂದ ಹಿಡಿದುಬಿಟ್ಟಿದ್ದಳು. ಹಿರಿಯಕ್ಕನ ಕಿಮೋನೋ ಎಷ್ಟು ಬೆಲೆಬಾಳುವುದೋ ಮನೆ ಅಷ್ಟು ಸಾಲದಲ್ಲಿದೆ. ಕೊನೆಯವಳು ಗೌನು ಹಾಕಿದ ದಿನವೇ ಅವಳ ದಾರಿ ಬೇರೆ ಎಂದು ಬರೆದಾಯಿತು. ಯುಕಿಕೋ ನಾಚಿಕೆಯವಳಲ್ಲ, ಮಹಾ ಹಟಮಾರಿ, ಬಾಯಿ ಬಿಡದೆಯೇ ಎಲ್ಲರನ್ನೂ ಕುಣಿಸುತ್ತಾಳೆ. ಈ ಕೊನೆಯ ಮಾತು ನನ್ನ ಉಪನ್ಯಾಸದ ಒಂದು ಇಡೀ ವಿಭಾಗವನ್ನು ಕೆಡವಿತು. ನಾನು ಅವಳನ್ನು ‘ಮೌನ ಸಂಪ್ರದಾಯದ ಮೂಕ ಬಲಿಪಶು’ ಎಂದು ಕರೆಯುತ್ತಾ ಬಂದಿದ್ದೆ.

ಕಾದಂಬರಿಯಲ್ಲಿ ಇನ್ನೂ ಸೂಕ್ಷ್ಮಗಳಿವೆ ಎಂದು ಅವಳನ್ನು ಗೆಲ್ಲಲು ನೋಡಿದೆ. ಯುಕಿಕೋಗೆ ಟೆಲಿಫೋನಿನಲ್ಲಿ ಮಾತಾಡಲು ಆಗುವುದಿಲ್ಲ, ಗಂಡು ತಾನೇ ಫೋನ್ ಮಾಡಿದಾಗ ತಡವರಿಸಿ ಒಂದು ಒಳ್ಳೆ ಸಂಬಂಧವೇ ಮುರಿದುಬೀಳುತ್ತದೆ. ಸಂಗೀತ ಕಚೇರಿಗೆ ಹೊರಟಾಗ ಸೊಂಟಪಟ್ಟಿ ಉಸಿರಾಡಿದಾಗಲೆಲ್ಲ ಕಿರುಗುಟ್ಟುತ್ತದೆ. ಅಕ್ಕತಂಗಿಯರು ಬೆರಿಬೆರಿಗೆ ಹೆದರಿ ಒಬ್ಬರಿಗೊಬ್ಬರು ವಿಟಮಿನ್ ಬಿ ಚುಚ್ಚಿಕೊಳ್ಳುತ್ತಾರೆ. ‘ನಂಗೂ ಬಿ ಟ್ವೆಲ್ವ್ ಕಮ್ಮಿ ಅಂತ ಡಾಕ್ಟರು ಹೇಳಿದ್ರಲ್ಲ, ನೀವು ಮರೆತಿರಿ’ ಎಂದಳು. ‘ಕೊನೆಗೆ ಯುಕಿಕೋ ಮದುವೆ ಆಗತ್ತಾ?’ ಆಗುತ್ತದೆ, ಮದುವೆಗೆಂದು ಟೋಕಿಯೋ ರೈಲು ಹತ್ತುತ್ತಾಳೆ ಎಂದೆ. ‘ಅಷ್ಟೇನಾ?’ ಅಷ್ಟೇ ಅಲ್ಲ. ಅವಳಿಗೆ ಬೇಧಿ ಹಿಡಿದಿರುತ್ತದೆ, ರೈಲಿನಲ್ಲೂ ನಿಂತಿರುವುದಿಲ್ಲ. ಜಪಾನಿನ ಆ ಮಹಾಕಾದಂಬರಿ ಮುಗಿಯುವುದೇ ಆ ವರದಿಯ ಮೇಲೆ. ಅದನ್ನು ನಾನು ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ. ‘ಇದನ್ನ ಬಿಟ್ಟು ಸಂಘರ್ಷ ಸಂಘರ್ಷ ಅಂತ ಗುದ್ದಾಡ್ತಿದ್ರಲ್ರೀ!’ ಎಂದು ಅವಳು ನಕ್ಕ ನಗುವಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

ಕವಾಬಾತಾರ ‘ಹಿಮದ ನಾಡು’ ನೋಡಲು ಯುಝಾವಾಕ್ಕೂ ಹೋದೆವು. ಉದ್ದನೆಯ ಸುರಂಗ ದಾಟಿದೊಡನೆ ಬೇರೆಯದೇ ಲೋಕ ತೆರೆದುಕೊಳ್ಳುವ ಆ ಕಾದಂಬರಿಯ ಆರಂಭಕ್ಕೆ ತಲೆಬಾಗದ ಓದುಗನಿಲ್ಲ. ಅವರ ಕಾಲದ ಸುರಂಗ 1931ರದ್ದು; ಈಗಿನ ಶಿಂಕಾನ್‌ಸೆನ್ ರೈಲು ಹೋಗುವುದು 22 ಕಿಲೋಮೀಟರ್ ಉದ್ದದ ಹೊಸ ಸುರಂಗದಲ್ಲಿ. ಸುರಂಗ ಮುಗಿಯುವ ಮುನ್ನ ಮನೆಯವರನ್ನೆಲ್ಲ ಮಾತು ನಿಲ್ಲಿಸಿ ಕಿಟಕಿಗೆ ಮುಖವಿಟ್ಟುಕೊಳ್ಳಲು ಹೇಳಿದೆ. ಹೊರಬಂದೆವು. ಕಣ್ಣು ಕುಕ್ಕುವ ಬಿಸಿಲು, ಹಸಿರು ಗುಡ್ಡ, ಷೇರು ಮತ್ತು ಭೂಮಿಯ ಬೆಲೆ ಉಬ್ಬಿದ್ದ ಕಾಲದಲ್ಲಿ ಸ್ಕೀಯಿಂಗ್ ಮಾಡುವವರಿಗೆಂದು ಎಬ್ಬಿಸಿದ ಬಹುಮಹಡಿ ಅಪಾರ್ಟ್‌ಮೆಂಟುಗಳು. ನಾವು ಬಂದಿರುವುದು ಜುಲೈನಲ್ಲಿ ಎಂಬುದನ್ನು ಸಾಹಿತ್ಯದ ಆವೇಶದಲ್ಲಿ ಗಮನಿಸಿರಲಿಲ್ಲ. ಅವತ್ತು ನಾವು ತಿಂದ ಐಸ್‌ಕ್ರೀಮೇ ಹಿಮ.

ರಾತ್ರಿ ಒಂದು ಹಳೇ ಶೈಲಿಯ ವಸತಿಗೃಹದಲ್ಲಿ ಚಾಪೆಯ ಕೋಣೆಯೇ ಬೇಕೆಂದು ಹಟ ಹಿಡಿದೆ. ಮಂಚ ಎಂಬುದು ಪಶ್ಚಿಮದ ಹೇರಿಕೆ ಎಂದು ಮಗನಿಗೆ ತಿಳಿಹೇಳಿದೆ. ದೀಪ ಆರಿಸಿ, ತನಿಝಾಕಿಯ ನೆರಳನ್ನು ಮೈತುಂಬ ಹೊದ್ದು, ನೆಲದ ಹಾಸಿಗೆಯಲ್ಲಿ ಮಲಗಿದೆ. ಬೆಳಗ್ಗೆ ಏಳಲು ಹೋದರೆ ಬೆನ್ನು ನೆಲ ಬಿಡಲಿಲ್ಲ. ಸಂಪ್ರದಾಯ ನನ್ನನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮಗ ಕಂಕುಳಿಗೆ ಕೈಕೊಟ್ಟು, ಸೊಸೆ ಕಾಲು ಹಿಡಿದು, ಮೊಮ್ಮಗ ‘ಒನ್ ಟೂ ತ್ರೀ’ ಎಂದು ಎಣಿಸಿ ನನ್ನನ್ನು ನಿಲ್ಲಿಸಿದರು. ಆಮೇಲೆ ಎಲ್ಲ ಊರಿನಲ್ಲೂ ನನಗೆ ಮಂಚದ ಕೋಣೆ.

ನನಗೆ ಸಮಾಧಾನ ಹೇಳಲು ತನಿಝಾಕಿಯೇ ಬರಬೇಕಾಯಿತು. ಅವರ ಪತ್ನಿ ಹೇಳಿದರೆನ್ನಲಾದ ಪ್ರಸಂಗ ಒಂದಿದೆ. ಹೊಸ ಮನೆ ಕಟ್ಟಿಸಲು ಹೊರಟಾಗ ವಾಸ್ತುಶಿಲ್ಪಿ ಬಂದು, ನಿಮ್ಮ ನೆರಳಿನ ಪ್ರಬಂಧ ಓದಿದ್ದೇನೆ, ನಿಮಗೆ ಎಂಥ ಮನೆ ಬೇಕೆಂದು ಚೆನ್ನಾಗಿ ಗೊತ್ತು ಎಂದನಂತೆ. ತನಿಝಾಕಿ ಗಾಬರಿಯಾಗಿ, ಅಯ್ಯೋ ಅಂಥ ಮನೆಯಲ್ಲಿ ನನ್ನ ಕೈಲಿ ಇರಲಾಗದು ಎಂದರಂತೆ. ನನ್ನ ಮೂರು ದಶಕದ ಉಪನ್ಯಾಸಕ್ಕೆ ಇಷ್ಟು ದಿನ ಬೇಕಾಗಿದ್ದ ತಿರುಳು ಇದೇ ಇರಬೇಕು. ಈ ಲೇಖಕರು, ಈ ನಿರ್ದೇಶಕರು ಯಾರೂ ಹಳತನ್ನು ಹೊತ್ತುಕೊಂಡು ಬದುಕಲು ಹೊರಟವರಲ್ಲ. ಫೋನು, ರೈಲು, ಬಿಸಿನೀರಿನ ನಲ್ಲಿ ಎಲ್ಲವನ್ನೂ ಒಳಗೆ ಬಿಟ್ಟುಕೊಂಡು, ಅವು ಬರುವಾಗ ಹೊಸಿಲಲ್ಲಿ ಏನೇನು ಉರುಳಿಬಿತ್ತು ಎಂದು ಲೆಕ್ಕ ಬರೆದಿಟ್ಟವರು. ಗುದ್ದಾಟ ಇದ್ದದ್ದು ನನ್ನ ಮುಷ್ಟಿಗಳಲ್ಲಿ ಮಾತ್ರ.

ಇಷ್ಟು ಜ್ಞಾನೋದಯವಾದ ಮೇಲೆ ಸುಮ್ಮನೆ ಡಿಸ್ನಿಲ್ಯಾಂಡಿಗೆ ಹೋಗಬಹುದಿತ್ತು. ಆದರೆ ಪಟ್ಟಿಯಲ್ಲಿ ಒಬಾಸುತೆ ಎಂಬ ಊರು ಉಳಿದಿತ್ತು.

ಉಪನ್ಯಾಸದ ಶಿಖರ ಎಂದರೆ ‘ನರಯಾಮಾ’. ಮ್ಯೂಸಿಕ್ ಹಾಲಿನಲ್ಲಿ ಗಿಟಾರ್ ನುಡಿಸುತ್ತಿದ್ದ ಶಿಚಿರೋ ಫುಕಝಾವಾ 1956ರಲ್ಲಿ ಬರೆದ ಕಥೆ. ಬಡ ಬೆಟ್ಟದೂರು, ತಿನ್ನುವ ಬಾಯಿ ಹೆಚ್ಚು, ಧಾನ್ಯ ಕಡಿಮೆ. ಎಪ್ಪತ್ತು ತುಂಬಿದವರನ್ನು ಮಗ ಬೆನ್ನ ಮೇಲೆ ಹೊತ್ತು ನರಯಾಮಾ ಬೆಟ್ಟದ ಮೇಲೆ ಬಿಟ್ಟು ಬರಬೇಕು. ಅರವತ್ತೊಂಬತ್ತರ ಒರಿನ್ ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ, ಅದೇ ಅವಳ ಅವಮಾನ. ಇಷ್ಟು ವಯಸ್ಸಾದರೂ ಬಾಯ್ತುಂಬ ಹಲ್ಲು, ಮೂವತ್ತಮೂರು ಹಲ್ಲು, ಎಂದು ಊರ ಹುಡುಗರು, ಸ್ವಂತ ಮೊಮ್ಮಗನೂ, ಹಾಡು ಕಟ್ಟಿ ಗೇಲಿ ಮಾಡುತ್ತಾರೆ. ಅವಳು ಕಲ್ಲಿಗೆ ಬಾಯಿ ಗುದ್ದಿಕೊಂಡು ಮುಂದಿನ ಹಲ್ಲು ಮುರಿದುಕೊಳ್ಳುತ್ತಾಳೆ. ಕೇಸುಕೆ ಕಿನೋಶಿತಾ 1958ರಲ್ಲಿ ಇದನ್ನು, ಒರಿನ್ ಪಾತ್ರಕ್ಕೆ ಕಿನುಯೋ ತನಾಕಾರನ್ನು ಹಾಕಿಕೊಂಡು, ಕಬುಕಿ ನಾಟಕದ ಹಾಗೆ ಚಿತ್ರಿಸಿದರು: ಪರದೆ ಸರಿಸುವ ಕರಿಬಟ್ಟೆಯವನು, ಶಾಮಿಸೆನ್ ಹಿಡಿದ ಭಾಗವತಿಕೆ, ಸ್ಟುಡಿಯೋದಲ್ಲೇ ಕಟ್ಟಿದ ಬೆಟ್ಟ, ಕಣ್ಣೆದುರೇ ಬಣ್ಣ ಬದಲಿಸುವ ಆಕಾಶ. ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 1983ರಲ್ಲಿ ಶೋಹೈ ಇಮಾಮುರಾ ಅದೇ ಕಥೆಯನ್ನು ನಿಜವಾದ ಬೆಟ್ಟ, ಕೆಸರು, ಹಾವು, ಹಸಿವು, ಕಾಮಗಳ ನಡುವೆ ಚಿತ್ರಿಸಿ ಕಾನ್ ಉತ್ಸವದಲ್ಲಿ ಪಾಮ್ ದೋರ್ ಗೆದ್ದರು. ಮೊಮ್ಮಗನಿಗೆ ತೋರಿಸಲು ನಾನು ಮೊದಲು ಹುಡುಕಿದ್ದು ಇಮಾಮುರಾರದನ್ನೇ. ಶುರುವಾದ ಸ್ವಲ್ಪ ಹೊತ್ತಿಗೆ ಮಗ ರಿಮೋಟ್ ಕಿತ್ತುಕೊಂಡು ಕಿನೋಶಿತಾರದನ್ನು ಹಾಕಿದ.

ನನ್ನ ಉಪನ್ಯಾಸದಲ್ಲಿ ಈ ಭಾಗಕ್ಕೆ ‘ಜಪಾನಿನ ಶ್ರವಣಕುಮಾರ’ ಎಂದು ಉಪಶೀರ್ಷಿಕೆ. ಹೆಂಡತಿ ಚಿತ್ರ ಮುಗಿದ ಮೇಲೆ, ‘ಶ್ರವಣ ಹೊತ್ತದ್ದು ತೀರ್ಥಯಾತ್ರೆಗೆ. ಇವನು ಹೊತ್ತದ್ದು ಇಳಿಸಿ ಬರೋಕೆ. ಸ್ವಲ್ಪ ವ್ಯತ್ಯಾಸ ಇದೆ’ ಎಂದಳು. ಮೊಮ್ಮಗ ನನ್ನ ಬಾಯಿ ತೆರೆಸಿ ಹಲ್ಲು ಎಣಿಸಿದ. ಬ್ರಿಡ್ಜ್ ಕಟ್ಟಿಸಿದ್ದ ಹಲ್ಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಅಮ್ಮನನ್ನು ಕೇಳಲು ಓಡಿದ.

ಕಿನೋಶಿತಾರ ಚಿತ್ರ ಮುಗಿಯುವುದು ಬೆಟ್ಟದ ಮೇಲಲ್ಲ. ಒರಿನ್ ಮೇಲೆ ಹಿಮ ಸುರಿದಾದ ಮೇಲೆ ಬಣ್ಣ ಥಟ್ಟನೆ ಹೋಗಿ ಕಪ್ಪು ಬಿಳುಪಿನಲ್ಲಿ ನಮ್ಮ ಕಾಲದ ಒಂದು ರೈಲು ಬಂದು ನಿಲ್ಲುತ್ತದೆ, ನಿಲ್ದಾಣದ ಫಲಕ ‘ಒಬಾಸುತೆ’. ಮುದುಕಿಯನ್ನು ಬಿಟ್ಟುಬರುವ ಕಥೆ ಅಂಟಿಕೊಂಡ ಊರಿನ ಹೆಸರು ಅದು. ನಗಾನೋ ಪ್ರಾಂತ್ಯದಲ್ಲಿ ನಿಜವಾಗಿಯೂ ಇದೆ. ‘ಅಪ್ಪನಿಗೆ ಎಪ್ಪತ್ತಾಯ್ತು, ಅಲ್ಲಿಗೆ ಕರ್ಕೊಂಡ್ ಹೋಗಿದ್ದೆ ಅಂತ ಆಫೀಸಲ್ಲಿ ಹೇಗೆ ಹೇಳ್ಲಿ?’ ಎಂದು ಮಗ ತಲೆ ಚಚ್ಚಿಕೊಂಡ. ಕೊನೆಗೆ ಹೊರಟೆವು. ಟಿಕೆಟ್ ಯಂತ್ರದ ಮುಂದೆ ಅವನು ನಿಂತಾಗ ಹಿಂದಿನಿಂದ ಅವನ ಅಮ್ಮ ಕೇಳಿದಳು: ‘ನಿಮ್ಮಪ್ಪಂಗೂ ರಿಟರ್ನ್ ತಗೊಂಡ್ಯೇನೋ?’

ಒಬಾಸುತೆ ನಿಲ್ದಾಣವಿರುವುದು ಇಳಿಜಾರಿನಲ್ಲಿ, ಕವಲು ಹಳಿಯ ಮೇಲೆ. ಇಲ್ಲಿ ನಿಲ್ಲುವ ರೈಲು ಹಿಂದೆ ಮುಂದೆ ಜರುಗಿಯೇ ದಾರಿ ಹಿಡಿಯಬೇಕು. ಕೆಳಗೆ ಬಯಲು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು. ಒಂದೊಂದು ಗದ್ದೆಯ ನೀರಿನಲ್ಲೂ ಒಂದೊಂದು ಚಂದ್ರ ಕಾಣುತ್ತಾನೆಂದು ಶತಮಾನಗಳಿಂದ ಕವಿಗಳು ಬರುವ ಜಾಗ. ಪ್ಲಾಟ್‌ಫಾರಂ ಬೆಂಚುಗಳನ್ನು ಹಳಿಗೆ ಬೆನ್ನು ಮಾಡಿ ಕಣಿವೆಯ ಕಡೆ ಹಾಕಿದ್ದಾರೆ. ರೈಲು ತಪ್ಪಿದರೂ ಬೇಸರವಾಗದ ಹಾಗೆ. ಗದ್ದೆಗಳ ನಡುವೆ ಅಡ್ಡಾಡಿ, ಪುಳಿಯೋಗರೆ ತಿಂದು, ವಾಪಸು ರೈಲಿಗೆ ಕಾದೆವು.

ನನಗೆ ಒಂದೇ ಆಸೆ ಉಳಿದಿತ್ತು: ಕಿನೋಶಿತಾರ ಕೊನೆಯ ಶಾಟನ್ನು ನನ್ನ ಫೋನಿನಲ್ಲಿ ಹಿಡಿಯಬೇಕು. ರೈಲು ಬರುವ ಹೊತ್ತಿಗೆ ಎಲ್ಲರನ್ನೂ ಬಿಟ್ಟು ಪ್ಲಾಟ್‌ಫಾರಮ್ಮಿನ ತುದಿಗೆ ಹೋಗಿ ಒಂದು ಮೊಣಕಾಲೂರಿದೆ. ಫಲಕ ಬಂತು, ರೈಲು ಬಂತು, ಅದ್ಭುತವಾಗಿ ಬಂತು. ಎದ್ದು ನಿಲ್ಲಲು ತುಸು ಹೊತ್ತಾಯಿತು. ಆ ಕಡೆ ಮನೆಯವರು ಹತ್ತಿದ್ದು ಕಂಡಿತು. ನಾನು ಎದುರಿಗಿದ್ದ ಬಾಗಿಲ ಮುಂದೆ ಹೋಗಿ ನಿಂತೆ. ಬಾಗಿಲು ತೆರೆಯಲಿಲ್ಲ. ಜಪಾನಿನ ಶಿಸ್ತು, ಎಲ್ಲದಕ್ಕೂ ಒಂದು ಕ್ಷಣವಿರುತ್ತದೆ ಎಂದು ಕಾದೆ. ಬಾಗಿಲ ಪಕ್ಕದಲ್ಲಿ ಒಂದು ಗುಂಡಿ ಇತ್ತು, ಸುತ್ತ ಬೆಳಕಿನ ಉಂಗುರ. ಹಳ್ಳಿಗಾಡಿನ ರೈಲುಗಳಲ್ಲಿ ಹತ್ತುವವರೇ ಗುಂಡಿ ಒತ್ತಿ ಬಾಗಿಲು ತೆರೆದುಕೊಳ್ಳಬೇಕು. ಬೆಳಗ್ಗೆ ಬರುವಾಗ ಮೊಮ್ಮಗ ಒತ್ತಿದ್ದ. ಗುಂಡಿ ನನ್ನನ್ನು ನೋಡಿತು. ನಾನು ಗುಂಡಿಯನ್ನು ನೋಡಿದೆ. ಶೌಚಾಲಯ, ಬಿಸಿಗಾಳಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಕಣ್ಮುಂದೆ ಹಾದುಹೋದವು. ಪ್ರತಿಜ್ಞೆ ಮುರಿಯಲೋ ಬೇಡವೋ ಎಂಬಷ್ಟರಲ್ಲಿ ರೈಲು ಹೊರಟಿತು. ಕಿಟಕಿಯ ಹಿಂದೆ ಮಗನ ಬಾಯಿ ತೆರೆದದ್ದು ಕಂಡಿತು. ಮೊಮ್ಮಗ ಕೈ ಬೀಸಿದ.

ಹಾಗೆ ಎಪ್ಪತ್ತು ತುಂಬಿದ ನಾನು, ಸ್ವಂತ ಮಗನಿಂದ, ಒಬಾಸುತೆಯಲ್ಲಿ ಬಿಡಲ್ಪಟ್ಟೆ. ಜಗತ್ತಿನ ಎಷ್ಟು ಮಂದಿ ವಿಮರ್ಶಕರಿಗೆ ತಮ್ಮ ವಿಷಯ ಈ ಮಟ್ಟಿಗೆ ಒಲಿದಿದೆಯೋ ಕಾಣೆ. ಫೋನಿನಲ್ಲಿ ಕ್ಯಾಮೆರಾ ಇತ್ತು, ಜಪಾನಿನ ಸಿಮ್ ಇರಲಿಲ್ಲ. ನಿಲ್ದಾಣದಲ್ಲಿ ಸಿಬ್ಬಂದಿಯೂ ಕಾಣಲಿಲ್ಲ. ಬೆಂಚಿನ ಮೇಲೆ ಒಬ್ಬರು ಮುದುಕರು ಮಾತ್ರ, ಪಕ್ಕದಲ್ಲಿ ಕುಡುಗೋಲಿಟ್ಟುಕೊಂಡು ಕಣಿವೆ ನೋಡುತ್ತಾ ಕೂತಿದ್ದರು. ಹತ್ತಿರ ಹೋಗಿ ನನಗೆ ಬರುವ ಜಪಾನಿಯನ್ನೆಲ್ಲ ಖರ್ಚು ಮಾಡಿದೆ: ‘ಕಿನೋಶಿತಾ. ಇಮಾಮುರಾ. ಕಿನುಯೋ ತನಾಕಾ.’ ಅವರು ಒಂದೊಂದು ಹೆಸರಿಗೂ ಗೌರವದಿಂದ ತಲೆಯಾಡಿಸಿದರು. ನಾನು ಕಳೆದುಹೋದ ನಮ್ಮವರ ಹೆಸರು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಬೆರಳಲ್ಲಿ ವಯಸ್ಸು ಕೇಳಿದೆ. ಎಂಟು, ನಾಲ್ಕು. ಎಂಬತ್ತನಾಲ್ಕು! ಈ ಗದ್ದೆಗಳಿಗೆ ದಿನಾ ಇಳಿದು ಹತ್ತುತ್ತಾರೆಂದು ಕೈಸನ್ನೆಯಲ್ಲೇ ಹೇಳಿದರು.

ನನ್ನ ಪರಿಸ್ಥಿತಿಯ ಸ್ವಾರಸ್ಯ ಅವರಿಗೂ ತಿಳಿಯಲಿ ಎಂದು ಅಭಿನಯಕ್ಕಿಳಿದೆ. ಬೆಟ್ಟ ತೋರಿಸಿದೆ. ಬೆನ್ನು ಬಗ್ಗಿಸಿ ಮಗ ತಾಯಿಯನ್ನು ಹೊತ್ತು ನಡೆಯುವುದನ್ನು ತೋರಿಸಿದೆ. ಹಲ್ಲು ಕಲ್ಲಿಗೆ ಗುದ್ದಿಕೊಂಡೆ. ಇನ್ನೊಂದು ಸುತ್ತು ಬಗ್ಗಿ ನಡೆದೆ, ಈ ಸಲ ಸ್ವಲ್ಪ ನರಳಿದೆ, ಪಾತ್ರಕ್ಕಾಗಿ. ಅವರ ಮುಖದಲ್ಲಿ ಅರ್ಥವಾದ ಬೆಳಕು ಮೂಡಿತು. ಸರಸರನೆ ಚೀಲಕ್ಕೆ ಕೈಹಾಕಿ ನೋವಿನ ಪಟ್ಟಿಯ ಒಂದು ಪೊಟ್ಟಣ ತೆಗೆದು, ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಷರಟು ಮೇಲೆತ್ತಿ, ಸೊಂಟದ ಎರಡೂ ಬದಿಗೆ ಒಂದೊಂದು ಪಟ್ಟಿ ಅಂಟಿಸಿದರು. ಆಮೇಲೆ ಭುಜದ ಕೆಳಗೆ ಇನ್ನೊಂದು. ಚಾಪೆಯ ಮೇಲೆ ಮಲಗಿದಾಗಿನಿಂದ ಕಾಡುತ್ತಿದ್ದ ಬೆನ್ನು ತಣ್ಣಗಾಯಿತು ಎಂಬುದನ್ನು ಮಾತ್ರ ಒಪ್ಪಲೇಬೇಕು.

ಮನೆಯವರು ಮುಂದಿನ ಇನಾರಿಯಾಮಾ ನಿಲ್ದಾಣದಲ್ಲಿ ಇಳಿದು, ಎದುರಿನಿಂದ ಬರುವ ರೈಲಿಗೆ ಕಾದು, ವಾಪಸು ಬಂದಿಳಿದಾಗ ಅವರಿಗೆ ಕಂಡ ದೃಶ್ಯ: ಷರಟು ಕುತ್ತಿಗೆಗೇರಿಸಿಕೊಂಡು ಬಗ್ಗಿ ಕೂತ ನಾನು, ನಾಲ್ಕನೆಯ ಪಟ್ಟಿಯ ಕಾಗದ ಬಿಡಿಸುತ್ತಿದ್ದ ಎಂಬತ್ತನಾಲ್ಕರ ಹಿರಿಯರು. ಮಗ ಓಡಿಬಂದ. ‘ಅಪ್ಪಾ, ಗುಂಡಿ ಒತ್ತಬೇಕಿತ್ತು, ಒಂದು ಗುಂಡಿ!’ ಎನ್ನುವಾಗ ಅವನ ಗಂಟಲು ನಡುಗುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ಸೊಸೆ ಹಿರಿಯರಿಗೆ ಜಪಾನಿಯಲ್ಲಿ ಕ್ಷಮೆ ಕೇಳಿ ಬಗ್ಗಿದಳು, ಅವರೂ ಬಗ್ಗಿದರು.

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದು ಸಲ ಬೆಟ್ಟವನ್ನೂ ಒಂದು ಸಲ ನನ್ನನ್ನೂ ನೋಡಿದಳು. ‘ನಿಮ್ಮನ್ನ ಬಿಟ್ಟು ಬರೋಕೆ ಬೆನ್ ಮೇಲೆ ಹೊತ್ಕೊಂಡು ಬೆಟ್ಟ ಯಾಕೆ ಹತ್ತಬೇಕು? ಬಾಗಿಲು ಹಾಕಿದ್ರೆ ಸಾಕು’ ಎಂದಳು. ಆಮೇಲೆ ಹಿರಿಯರ ಎದುರು ಕೈಮುಗಿದು, ಪೊಟ್ಟಣದಲ್ಲಿ ಉಳಿದಿದ್ದ ಪಟ್ಟಿಗಳ ಕಡೆಗೂ ತನ್ನ ಎಡಮಂಡಿಯ ಕಡೆಗೂ ಬೆರಳು ತೋರಿಸಿದಳು. ಅವರಿಗೆ ಅವಳ ಮಾತು ಒಂದೇ ಸಲಕ್ಕೆ ಅರ್ಥವಾಯಿತು.